ಕಿಡಿ ಹಚ್ಚುವ ಕೈಕೆಲಸ: ಟೆಕ್ಸಾಸಿನ ಮೂರು ನಗರಗಳಲ್ಲಿ ಸ್ಪಾರ್ಕ್ ಪ್ಲಗ್ ಬದಲಾವಣೆಯ ಚರಿತ್ರೆ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಬೆಂಕಿ ಹಚ್ಚುವ ಸಾಧನ ಸ್ಪಾರ್ಕ್ ಪ್ಲಗ್. ನಡುವೆ ಒಂದು ಲೋಹದ ಕಡ್ಡಿ, ಅದರ ಸುತ್ತ ಪಿಂಗಾಣಿಯ ಕವಚ, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಇನ್ನೊಂದು ಲೋಹದ ತುಂಡು. ಇಷ್ಟೇ ಅದರ ರಚನೆ. ಎರಡು ತುದಿಗಳ ನಡುವೆ ಉಳಿಯುವ ಸಂದು ಸುಮಾರು ಒಂದು ಮಿಲಿಮೀಟರ್. ಸಾವಿರಾರು ವೋಲ್ಟಿನ ವಿದ್ಯುತ್ತು ಆ ಸಂದನ್ನು ಹಾರಿದಾಗ ಕಿಡಿ ಹುಟ್ಟುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಪ್ಲಗ್ ಸೆಕೆಂಡಿಗೆ 25 ಸಲ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ತುದಿಯನ್ನು ಕೂದಲೆಳೆಗಿಂತಲೂ ಕಡಿಮೆ ಸವೆಸುತ್ತದೆ, ಉರಿದ ಇಂಧನ ಮಸಿಯನ್ನು ಬಿಟ್ಟುಹೋಗುತ್ತದೆ. ಸಂದು ಅಗಲವಾದರೆ ಅಥವಾ ಮಸಿ ಕಟ್ಟಿದರೆ ಕಿಡಿ ತಪ್ಪುತ್ತದೆ, ಎಂಜಿನ್ ಮುಗ್ಗರಿಸುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಆದ್ದರಿಂದ ಪ್ಲಗ್ ಮೊದಲಿನಿಂದಲೂ ಬಿಚ್ಚಿ ಬದಲಿಸಲೆಂದೇ ಮಾಡಿದ ಭಾಗ. ಈ ಕೆಲಸವನ್ನು ಕಾರಿನ ಯಜಮಾನರೇ ಮನೆಯ ಮುಂದೆ ಮಾಡಿಕೊಳ್ಳುವ ರೂಢಿ ಅಮೆರಿಕದಲ್ಲಿ ಬಲವಾಗಿ ಬೇರೂರಿತು. ಆ ರೂಢಿ ಹುಟ್ಟಿ, ಬೆಳೆದು, ಕ್ಷೀಣಿಸಿದ ಬಗೆಯನ್ನು ಟೆಕ್ಸಾಸಿನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಕಾರು ಜೋಡಿಸುವುದು, ಪೆಟ್ರೋಲ್ ಶುದ್ಧೀಕರಿಸುವುದು, ಎಂಜಿನ್ನನ್ನು ಆಳುವ ಚಿಪ್ ತಯಾರಿಸುವುದು, ಮೂರೂ ಈ ಪ್ರದೇಶದ ಉದ್ಯಮಗಳೇ ಆಗಿದ್ದವು.

ಟೆಕ್ಸಾಸಿಗೆ ಕಾರು ಬಂದದ್ದು 1899ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ರೈಲ್ವೆ ಉದ್ಯಮಿ ಎಡ್ವರ್ಡ್ ಗ್ರೀನ್ ಅವರ ಕಾರು ಟೆರೆಲ್ ಪಟ್ಟಣದಿಂದ ಡಲ್ಲಾಸಿಗೆ ಸುಮಾರು 48 ಕಿ.ಮೀ. ದಾರಿಯನ್ನು ಐದು ಗಂಟೆಗೂ ಹೆಚ್ಚು ಹೊತ್ತಿನಲ್ಲಿ ಕ್ರಮಿಸಿತು. ನಡುವೆ ಹಳ್ಳಕ್ಕಿಳಿದು ಪೆಟ್ಟಾದ ಕಾರನ್ನು ಸರಿಪಡಿಸಿದವನು ಕಮ್ಮಾರ. ಕಾರು ರಿಪೇರಿಯೆಂಬ ಕಸುಬು ಆಗಿನ್ನೂ ಹುಟ್ಟಿರಲಿಲ್ಲ. ಇಂದಿನ ಬಗೆಯ ಪ್ಲಗ್ ಸಹ ಅನಂತರದ್ದು. ಜರ್ಮನಿಯ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುವ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಪ್ಲಗ್ ರೂಪಿಸಿದ ಮೇಲೆ ಅದು ವ್ಯಾಪಕ ಬಳಕೆಗೆ ಬಂತು.

ಜನಸಾಮಾನ್ಯರ ಕೈಗೆ ಪ್ಲಗ್ ಬಂದದ್ದು ಫೋರ್ಡ್ ಮಾಡೆಲ್ ಟಿ ಕಾರಿನೊಂದಿಗೆ. 1908ರಿಂದ 1927ರವರೆಗೆ ತಯಾರಾದ ಈ ಕಾರನ್ನು ಫೋರ್ಡ್ ಕಂಪನಿ 1914ರಿಂದ ಡಲ್ಲಾಸಿನಲ್ಲೂ ಜೋಡಿಸತೊಡಗಿತು. 1925ರಲ್ಲಿ ಆ ನಗರದ ಈಸ್ಟ್ ಗ್ರ್ಯಾಂಡ್ ಅವೆನ್ಯೂದಲ್ಲಿ ಇನ್ನೂ ದೊಡ್ಡ ಕಾರ್ಖಾನೆ ತೆರೆಯಿತು. ಮಾಡೆಲ್ ಟಿಯ ನಾಲ್ಕು ಪ್ಲಗ್‌ಗಳು ಎಂಜಿನ್ನಿನ ನೆತ್ತಿಯ ಮೇಲೆ ಸಾಲಾಗಿ ಕಾಣುವಂತೆ ಇದ್ದವು. ಬಾನೆಟ್ ಎತ್ತಿದರೆ ಒಂದು ಸ್ಪ್ಯಾನರ್ ಸಾಕು. ಎಂಜಿನ್ನಿನ ಒಳಗೆ ಎಣ್ಣೆ ಚಿಮ್ಮಿಯೇ ಹರಡಬೇಕಾಗಿದ್ದುದರಿಂದ ಅದು ಪ್ಲಗ್‌ಗಳಿಗೂ ತಗುಲಿ ಕರಿ ಹಿಡಿಯುತ್ತಿತ್ತು. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಕಾಯಿಲ್ ಪೆಟ್ಟಿಗೆಯಲ್ಲಿ ಗುಂಯ್‌ಗುಡುವ ಪಟ್ಟಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಹಿಡಿಯಬೇಕು. ಒತ್ತಿದಾಗ ಎಂಜಿನ್ನಿನ ಸದ್ದು ಬದಲಾಗದಿದ್ದರೆ ದೋಷವಿರುವುದು ಆ ಸಿಲಿಂಡರಿನಲ್ಲೇ. ಆ ಕಾಲದ ಅನೇಕ ಪ್ಲಗ್‌ಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಪಿಂಗಾಣಿಯನ್ನು ಒರೆಸಿ, ಮತ್ತೆ ಜೋಡಿಸಬಹುದಿತ್ತು. ಹತ್ತಿಯ ಹೊಲದ ನಡುವೆ, ಗ್ಯಾರೇಜು ಎಲ್ಲೋ ದೂರದಲ್ಲಿರುವಾಗ, ಈ ವಿದ್ಯೆ ಗೊತ್ತಿಲ್ಲದವರು ಕಾರು ಇಟ್ಟುಕೊಳ್ಳುವುದು ಕಷ್ಟವಾಗಿತ್ತು.

ಎರಡನೆಯ ಹಂತವನ್ನು ರೂಪಿಸಿದ್ದು ಪೆಟ್ರೋಲ್. 1901ರಲ್ಲಿ ಬ್ಯೂಮಾಂಟ್ ಬಳಿಯ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿದ ಮೇಲೆ ಹ್ಯೂಸ್ಟನ್ ತೈಲದ ರಾಜಧಾನಿಯಾಗಿ ಬೆಳೆಯಿತು. 1914ರಲ್ಲಿ ಹಡಗು ಕಾಲುವೆ ತೆರೆಯಿತು, ಅದರ ಸುತ್ತಮುತ್ತ ಶುದ್ಧೀಕರಣ ಘಟಕಗಳು ಎದ್ದವು. ಅತ್ತ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಗ್ಲಿ, ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಿದರೆ ಎಂಜಿನ್ನಿನ ಕುಟ್ಟುವ ಶಬ್ದ ನಿಲ್ಲುವುದೆಂದು 1921ರಲ್ಲಿ ಕಂಡುಕೊಂಡರು. 1923ರಲ್ಲಿ ಅಂಥ ಪೆಟ್ರೋಲ್ ಮಾರಾಟಕ್ಕೆ ಬಂತು. ಉರಿದ ಸೀಸ ಎಂಜಿನ್ನಿನೊಳಗೇ ಉಳಿಯದಂತೆ ಅದರ ಜೊತೆಗೆ ಬ್ರೋಮಿನ್ ಸಂಯುಕ್ತವನ್ನೂ ಬೆರೆಸಬೇಕಾಯಿತು. ಆ ಬ್ರೋಮಿನನ್ನು ಸಮುದ್ರದ ನೀರಿನಿಂದ ತೆಗೆಯುವ ಕೆಲಸ 1940ರ ದಶಕದಲ್ಲಿ ಹ್ಯೂಸ್ಟನ್ನಿನ ದಕ್ಷಿಣದ ಫ್ರೀಪೋರ್ಟ್‌ನಲ್ಲಿ ನಡೆಯಿತು. ಇಷ್ಟಾದರೂ ಸೀಸದ ಒಂದಂಶ ಪ್ಲಗ್ಗಿನ ಪಿಂಗಾಣಿಯ ಮೇಲೆ ಹಳದಿ ಮಿಶ್ರಿತ ಪದರವಾಗಿ ಕೂರುತ್ತಿತ್ತು. ಬಿಸಿಯಾದಾಗ ಆ ಪದರದ ಮೂಲಕವೇ ವಿದ್ಯುತ್ತು ಸೋರಿಹೋಗಿ ಕಿಡಿ ಏಳುತ್ತಿರಲಿಲ್ಲ. ಹೀಗೆ ಎಂಜಿನ್ನಿಗೆ ಬಲ ಕೊಟ್ಟ ಇಂಧನವೇ ಪ್ಲಗ್ಗಿನ ಆಯುಸ್ಸನ್ನು ಕುಗ್ಗಿಸಿತು: ಹತ್ತು ಹನ್ನೆರಡು ಸಾವಿರ ಮೈಲಿಗೆ, ಅಂದರೆ 16ರಿಂದ 19 ಸಾವಿರ ಕಿ.ಮೀ.ಗೆ, ಹೊಸ ಪ್ಲಗ್ ಹಾಕಬೇಕಿತ್ತು.

ಎರಡನೆಯ ಮಹಾಯುದ್ಧ ಈ ಅಭ್ಯಾಸವನ್ನು ಇನ್ನಷ್ಟು ಗಟ್ಟಿ ಮಾಡಿತು. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದು ನಿಂತಿತು. ಡಲ್ಲಾಸಿನ ಫೋರ್ಡ್ ಕಾರ್ಖಾನೆ ಜೀಪುಗಳನ್ನೂ ಸೇನಾ ಲಾರಿಗಳನ್ನೂ ತಯಾರಿಸಿತು. ಆ ಡಿಸೆಂಬರಿನಿಂದ ದೇಶದಾದ್ಯಂತ ಪೆಟ್ರೋಲಿಗೆ ಪಡಿತರ ಬಂತು. ಇದ್ದ ಕಾರನ್ನೇ ಕಾಪಾಡಿಕೊಳ್ಳಬೇಕಾದಾಗ ಹಳೆಯ ಪ್ಲಗ್ಗನ್ನು ಎಸೆಯುವ ಬದಲು ತಂತಿ ಬ್ರಷ್ಷಿನಿಂದ ಉಜ್ಜಿ, ಸಂದನ್ನು ಸರಿಪಡಿಸಿ ಮತ್ತೆ ಕೂರಿಸುವುದೇ ದಾರಿಯಾಯಿತು.

1950 ಮತ್ತು 60ರ ದಶಕಗಳು ಈ ಮನೆಗೆಲಸದ ಉಚ್ಛ್ರಾಯ ಕಾಲ. 1954ರಲ್ಲಿ ಡಲ್ಲಾಸ್ ಮತ್ತು ಫೋರ್ಟ್‌ವರ್ತ್‌ಗಳ ನಡುವಿನ ಆರ್ಲಿಂಗ್ಟನ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಆರಂಭವಾಯಿತು. ಪ್ರತಿ ಮನೆಗೂ ಕಾರು ನಿಲ್ಲಿಸುವ ಸ್ವಂತ ಜಾಗವಿದ್ದ ಹೊಸ ಬಡಾವಣೆಗಳು ನಗರದ ಹೊರಗೆ ಹಬ್ಬಿದವು. ಟ್ಯೂನ್‌ಅಪ್ ಎಂದು ಕರೆಯುತ್ತಿದ್ದ ಈ ಕೆಲಸದಲ್ಲಿ ಪ್ಲಗ್, ಕಿಡಿಯ ವಿದ್ಯುತ್ತಿಗೆ ಸ್ವಿಚ್ಚಾಗಿದ್ದ ಕಾಂಟ್ಯಾಕ್ಟ್ ಪಾಯಿಂಟ್, ಅದರ ಜೊತೆಗಿನ ಕಂಡೆನ್ಸರ್ ಮೂರನ್ನೂ ಒಟ್ಟಿಗೆ ಬದಲಿಸುತ್ತಿದ್ದರು. ಬಿಚ್ಚಿದ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವ ಜಾಣ್ಮೆಯೂ ಇದರೊಂದಿಗೆ ಬೆಳೆಯಿತು. ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಎಲ್ಲ ಸರಿ. ಒಣ ಕರಿಮಸಿಯಿದ್ದರೆ ಪೆಟ್ರೋಲ್ ಅತಿಯಾಗಿದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು ಸವೆದಿದೆ. ಬಿಳಿಚಿ ಗುಳ್ಳೆ ಎದ್ದಿದ್ದರೆ ಪ್ಲಗ್ ವಿಪರೀತ ಕಾಯುತ್ತಿದೆ. ಬಿಡಿಭಾಗಗಳ ಅಂಗಡಿಗಳೂ ಈ ಗಿರಾಕಿಗಳನ್ನು ನಂಬಿಯೇ ಹೆಚ್ಚಿದವು. 1970ರ ದಶಕದ ಕೊನೆಯಲ್ಲಿ ಚೀಫ್ ಆಟೊ ಪಾರ್ಟ್ಸ್ ಎಂಬ ಅಂಗಡಿಸಾಲನ್ನು ಕೊಂಡದ್ದು ಸೆವೆನ್-ಇಲೆವೆನ್ ನಡೆಸುತ್ತಿದ್ದ ಡಲ್ಲಾಸಿನ ಸೌತ್‌ಲ್ಯಾಂಡ್ ಕಂಪನಿ. 1998ರಲ್ಲಿ ಆ ಅಂಗಡಿಸಾಲು ಆಟೊಜೋನ್ ಕಂಪನಿಯ ಪಾಲಾಯಿತು.

ಕರ್ನಾಟಕದಲ್ಲಿ ಇದೇ ವಸ್ತುವಿನ ಕಥೆ ಬೇರೆ ದಾರಿ ಹಿಡಿಯಿತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಪ್ಲಗ್ ತಯಾರಿಸಿದ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಉಳಿದಿದೆ. ಇಲ್ಲಿ ಕಾರಿನ ಬಾನೆಟ್ ಎತ್ತುವುದು ಮೆಕ್ಯಾನಿಕ್ಕಿನ ಕೆಲಸವಾಗಿತ್ತು. ಮಾಲೀಕರೇ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದದ್ದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುತ್ತಿದ್ದ ಸ್ಕೂಟರುಗಳಲ್ಲಿ.

ಅಮೆರಿಕದಲ್ಲಿ 1970ರ ದಶಕದಲ್ಲಿ ಎರಡು ಬದಲಾವಣೆಗಳು ಜೊತೆಯಾಗಿ ಬಂದವು. ಒಂದು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್. 1975ರ ಮಾದರಿಯ ಬಹುಪಾಲು ಅಮೆರಿಕನ್ ಕಾರುಗಳು ಅದನ್ನು ಹೊತ್ತು ಬಂದವು. ಸೀಸ ಅದನ್ನು ಹಾಳುಮಾಡುವುದರಿಂದ ಸೀಸರಹಿತ ಪೆಟ್ರೋಲ್ ಕಡ್ಡಾಯವಾಯಿತು. 1996ರಲ್ಲಿ ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಷೇಧವಾಯಿತು. ಭಾರತದಲ್ಲಿ ಅದು ನಿಂತದ್ದು 2000ದಲ್ಲಿ. ಇನ್ನೊಂದು, ಎಲೆಕ್ಟ್ರಾನಿಕ್ ಇಗ್ನಿಷನ್. ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1954ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಸಿಲಿಕಾನ್ ಟ್ರಾನ್ಸಿಸ್ಟರಿನ ವಂಶದ ಸ್ವಿಚ್ಚುಗಳು, ಪದೇಪದೇ ಸವೆಯುತ್ತಿದ್ದ ಕಾಂಟ್ಯಾಕ್ಟ್ ಪಾಯಿಂಟುಗಳ ಜಾಗಕ್ಕೆ ಬಂದವು. ಮೊಟೊರೊಲಾ ತನ್ನ ಮೈಕ್ರೊಪ್ರೊಸೆಸರ್ ವಿಭಾಗವನ್ನು 1970ರ ದಶಕದ ಮಧ್ಯದಲ್ಲಿ ಆಸ್ಟಿನ್‌ಗೆ ತಂದಿತು. 1981ರಲ್ಲಿ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ವ್ಯಾಪಕವಾದಾಗ ಅದರೊಳಗೆ ಮೊಟೊರೊಲಾ ಚಿಪ್ ಇತ್ತು. ಯಾವ ಕ್ಷಣದಲ್ಲಿ ಕಿಡಿ ಹಾರಬೇಕು, ಎಷ್ಟು ಪೆಟ್ರೋಲ್ ಸಾಕು ಎಂಬುದನ್ನು ಚಿಪ್ಪೇ ನಿರ್ಧರಿಸಿದ್ದರಿಂದ ಮಸಿ ಕಡಿಮೆಯಾಯಿತು. 1990ರ ದಶಕದಲ್ಲಿ ಪ್ಲಾಟಿನಮ್, ಆಮೇಲೆ ಇರಿಡಿಯಮ್ ತುದಿಯ ಪ್ಲಗ್‌ಗಳು ವ್ಯಾಪಕವಾಗಿ ಬಳಕೆಗೆ ಬಂದು ಬದಲಾವಣೆಯ ಅವಧಿ ಅನೇಕ ಕಾರುಗಳಲ್ಲಿ ಒಂದು ಲಕ್ಷ ಮೈಲಿಗೆ, ಅಂದರೆ 1.6 ಲಕ್ಷ ಕಿ.ಮೀ.ಗೆ ಏರಿತು.

ಅವಧಿ ಹೆಚ್ಚಿದಷ್ಟೂ ಕೈಚಳಕ ಕಡಿಮೆಯಾಯಿತು, ತೊಡಕು ಹೆಚ್ಚಿತು. ಅಡ್ಡಲಾಗಿ ಕೂರಿಸಿದ ವಿ6 ಎಂಜಿನ್ನಿನ ಹಿಂದಿನ ಮೂರು ಪ್ಲಗ್‌ಗಳನ್ನು ತಲುಪಲು ಎಷ್ಟೋ ಕಾರುಗಳಲ್ಲಿ ಗಾಳಿಯ ಕೊಳವೆಗಳ ಇಡೀ ಜೋಡಣೆಯನ್ನೇ ಬಿಚ್ಚಬೇಕು. ವರ್ಷಗಟ್ಟಲೆ ಕದಲದ ಪ್ಲಗ್ ಎಂಜಿನ್ನಿಗೆ ಕಚ್ಚಿಕೊಳ್ಳುತ್ತದೆ. 2004ರಿಂದ ಕೆಲವು ವರ್ಷ ಫೋರ್ಡ್ ಎಫ್-150 ಪಿಕಪ್ ಟ್ರಕ್ಕುಗಳಲ್ಲಿದ್ದ 5.4 ಲೀಟರ್ ಎಂಜಿನ್ನಿನಲ್ಲಿ ಮಸಿ ಹಿಡಿದ ಪ್ಲಗ್ ಬಿಚ್ಚುವಾಗ ತುಂಡಾಗಿ ಒಳಗೇ ಉಳಿಯುವುದು ಕುಖ್ಯಾತ ಸಮಸ್ಯೆಯಾಗಿತ್ತು. ಅಲ್ಯೂಮಿನಿಯಮ್ ತಲೆಯ ಎಂಜಿನ್ನಿನಲ್ಲಿ ಪಾಲಿಸಬೇಕಾದ ಕ್ರಮ ಹೀಗಿದೆ: ಎಂಜಿನ್ ಪೂರ್ತಿ ತಣ್ಣಗಾಗಬೇಕು, ಬಿಚ್ಚುವ ಮೊದಲು ಪ್ಲಗ್ ಕೂತ ಗುಳಿಯ ದೂಳನ್ನು ಊದಿ ತೆಗೆಯಬೇಕು, ಹೊಸ ಪ್ಲಗ್ಗಿನ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು, ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ಅಳೆದು ಕೊಡಬೇಕು.

ಹಿಂದೆ ಕಿವಿಗೆ ಕೇಳುತ್ತಿದ್ದ ದೋಷವನ್ನು ಈಗ ಹೇಳುವುದು ಯಂತ್ರ. 1996ರ ಮಾದರಿಯಿಂದ ಅಮೆರಿಕದ ಕಾರುಗಳಲ್ಲಿ ದೋಷವನ್ನು ತಾನೇ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಕಿಡಿ ತಪ್ಪಿದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಪಿ0301 ಸಂಕೇತ ಮೊದಲ ಸಿಲಿಂಡರನ್ನು ಬೆರಳು ಮಾಡಿ ತೋರಿಸುತ್ತದೆ. ಟೆಕ್ಸಾಸ್ 2002ರಿಂದ ಡಲ್ಲಾಸ್ ಮತ್ತು ಹ್ಯೂಸ್ಟನ್ ಸುತ್ತಿನ ಕೌಂಟಿಗಳಲ್ಲೂ 2005ರಿಂದ ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯಲ್ಲೂ ಹೊಗೆ ಪರೀಕ್ಷೆಗೆ ಈ ವ್ಯವಸ್ಥೆಯನ್ನೇ ಆಧಾರವಾಗಿಸಿತು. ದೀಪ ಹತ್ತಿದ್ದರೆ ಕಾರು ತೇರ್ಗಡೆಯಾಗದು, ನೋಂದಣಿ ನವೀಕರಣವೂ ಆಗದು. 2025ರ ಜನವರಿಯಲ್ಲಿ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯನ್ನು ರಾಜ್ಯ ಕೈಬಿಟ್ಟರೂ ಹೊಗೆ ಪರೀಕ್ಷೆ 17 ಕೌಂಟಿಗಳಲ್ಲಿ ಮುಂದುವರಿಯಿತು.

2022ರಲ್ಲಿ ಆಸ್ಟಿನ್ ಬಳಿ ತೆರೆದ ಟೆಸ್ಲಾ ಕಾರ್ಖಾನೆಯ ವಿದ್ಯುತ್ ಕಾರುಗಳಿಗೆ ಪ್ಲಗ್ಗೂ ಇಲ್ಲ, ಹೊಗೆ ಪರೀಕ್ಷೆಯೂ ಇಲ್ಲ. ಆರ್ಲಿಂಗ್ಟನ್‌ನಿಂದ ಹೊರಬರುವ ದೊಡ್ಡ ವಿ8 ಎಂಜಿನ್ನಿನ ವಾಹನಗಳಲ್ಲಿ ಇಂದಿಗೂ ಎಂಟು ಪ್ಲಗ್‌ಗಳಿವೆ. ಮಾಡೆಲ್ ಟಿಯ ಕಾಲದಲ್ಲಿ ಮತ್ತೆಮತ್ತೆ ಮಾಡಬೇಕಿದ್ದ ಕೆಲಸ ಅವುಗಳಲ್ಲಿ ವಾಹನದ ಇಡೀ ಆಯುಸ್ಸಿಗೆ ಒಂದೆರಡು ಸಲಕ್ಕೆ ಇಳಿದಿದೆ.