ಸ್ಮಾಲ್‌ಬೋರ್ ರೈಫಲ್

ಗುರಿ ಅಭ್ಯಾಸಕ್ಕೂ ಸ್ಪರ್ಧೆಗೂ ಬಳಸುವ ಸಣ್ಣ ನಳಿಕೆಯ ರೈಫಲ್. ನಳಿಕೆಯ ಒಳವ್ಯಾಸ ಸುಮಾರು 5.6 ಮಿ.ಮೀ. ‘ಪಾಯಿಂಟ್ ಟೂಟೂ’ (.22) ಎಂಬುದು ಇದರ ರೂಢಿಯ ಹೆಸರು. ಸ್ಪರ್ಧೆಯ ರೈಫಲಿಗೆ ಒಂದು ಸಲಕ್ಕೆ ಒಂದೇ ತೋಟಾ. ಬೋಲ್ಟ್ ತೆರೆದು, ತೋಟಾವನ್ನು ಕೈಯಿಂದ ಇಟ್ಟು, ಮುಚ್ಚಿ, ಉಸಿರು ಹಿಡಿದು ಕುದುರೆ ಒತ್ತಬೇಕು. ಈ ಸರಳತೆಯೇ ಇದರ ಆಕರ್ಷಣೆ. ಹೊಡೆತ ತಪ್ಪಿದರೆ ಯಂತ್ರವನ್ನು ದೂರಲು ಆಸ್ಪದ ಕಡಿಮೆ. ಗುರಿಕಾರ ತನ್ನನ್ನೇ ತಿದ್ದಿಕೊಳ್ಳಬೇಕು.

ಇತಿಹಾಸ: 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೇರ್ ಒಳಾಂಗಣದ ಗುರಿಯಾಟಕ್ಕೆಂದು ಪುಟ್ಟ ತೋಟಾ ರೂಪಿಸಿದ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ತನ್ನ ರಿವಾಲ್ವರಿಗೆ .22 ಶಾರ್ಟ್ ತೋಟಾ ತಂದಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಅಲ್ಲಿನ ಸ್ಟೀವನ್ಸ್ ಕಂಪನಿಯಿಂದ ಬಂತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ತಮ್ಮವರ ಗುರಿಗಾರಿಕೆಯ ಕೊರತೆ ಕಂಡ ಬ್ರಿಟಿಷರು, ಸೇನಾನಿ ಲಾರ್ಡ್ ರಾಬರ್ಟ್ಸ್‌ನ ಪ್ರೋತ್ಸಾಹದಿಂದ, ಕಾರ್ಮಿಕರಿಗೂ ಎಟಕುವ ರೈಫಲ್ ಕ್ಲಬ್ಬುಗಳನ್ನು ಕಟ್ಟಿದರು. ಕಡಿಮೆ ಖರ್ಚಿನ, ಚಿಕ್ಕ ಜಾಗ ಸಾಕಾಗುವ .22 ಈ ಕ್ಲಬ್ಬುಗಳಿಗೆ ಹೇಳಿ ಮಾಡಿಸಿದಂತಿತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಮಾಲ್‌ಬೋರ್ ಸ್ಪರ್ಧೆಗಳು ನಡೆದವು. ಬಿಎಸ್‌ಎ ಕಂಪನಿಯ ಮಾರ್ಟಿನಿ ಮಾದರಿ, ಮುಂದೆ ಜರ್ಮನಿಯ ಆನ್‌ಶುಟ್ಸ್ ರೈಫಲುಗಳು ಗುರಿಕಾರರ ಮೆಚ್ಚುಗೆ ಗಳಿಸಿದವು.

ತೋಟಾ: ಸಿಡಿಮದ್ದಿನ ಲೇಪ ತೋಟಾದ ತಳದ ಅಂಚಿನೊಳಗೇ ಇರುತ್ತದೆ. ಸೂಜಿ ಆ ಅಂಚಿಗೆ ಬಡಿದಾಗ ಮದ್ದು ಹೊತ್ತಿಕೊಳ್ಳುತ್ತದೆ. ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ಶಬ್ದದ ವೇಗ ದಾಟಿದ ಗುಂಡು ವೇಗ ತಗ್ಗುವಾಗ ಅಲುಗಾಡುವುದರಿಂದ, ಸ್ಪರ್ಧೆಯ ತೋಟಾಗಳ ವೇಗವನ್ನು ಮೊದಲೇ ಅದಕ್ಕಿಂತ ಕೆಳಗೆ, ಸೆಕೆಂಡಿಗೆ ಸುಮಾರು 320–330 ಮೀಟರಿನಲ್ಲಿ ಇರಿಸುತ್ತಾರೆ. ಒಂದೇ ಕಂಪನಿಯ ಬೇರೆ ಬೇರೆ ಬ್ಯಾಚುಗಳು ಒಂದೇ ನಳಿಕೆಯಲ್ಲಿ ಬೇರೆ ಬೇರೆ ಫಲ ಕೊಡುತ್ತವೆ. ಹಾಗಾಗಿ ನುರಿತ ಸ್ಪರ್ಧಿಗಳು ತಮ್ಮ ರೈಫಲಿಗೆ ಒಗ್ಗುವ ಬ್ಯಾಚನ್ನು ಪರೀಕ್ಷಿಸಿಯೇ ಆರಿಸಿಕೊಳ್ಳುತ್ತಾರೆ.

ಕಲಿಕೆಯ ಗುಣ: ದೊಡ್ಡ ರೈಫಲಿನ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ, ಭುಜ ಅಳುಕುವ ಚಾಳಿ ಹೊಸಬರಿಗೆ ಬೇಗ ಅಂಟುತ್ತದೆ. .22ರಲ್ಲಿ ಒದೆತ ಅತ್ಯಲ್ಪ, ಸದ್ದೂ ಕಡಿಮೆ. ಗಮನವೆಲ್ಲ ನಿಲುವು, ಉಸಿರು ಮತ್ತು ಬೆರಳಿನ ಮೇಲೆ ನಿಲ್ಲುತ್ತದೆ. ಹಾಗೆಂದು ಗುರಿ ಸುಲಭವಲ್ಲ. 50 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ, ಗುಂಡಿನ ಅಗಲದ ಎರಡರಷ್ಟೂ ಇಲ್ಲ. ಹಗುರ ಗುಂಡನ್ನು ಸಣ್ಣ ಗಾಳಿಯೂ ಬದಿಗೆ ತಳ್ಳುತ್ತದೆ. ಆದ್ದರಿಂದ ರೇಂಜಿನ ಉದ್ದಕ್ಕೂ ನೆಟ್ಟ ಪುಟ್ಟ ಬಾವುಟಗಳನ್ನು ಓದುವುದೂ ವಿದ್ಯೆಯ ಭಾಗ.

ಸ್ಪರ್ಧೆ: ಒಲಿಂಪಿಕ್ಸ್‌ನಲ್ಲಿ ಈಗ ಉಳಿದಿರುವುದು 50 ಮೀಟರ್ ತ್ರಿಭಂಗಿ ಸ್ಪರ್ಧೆ: ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. ಇದರಲ್ಲಿ 2024ರ ಪ್ಯಾರಿಸ್ ಕೂಟದ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, ಈ ವಿಭಾಗದಲ್ಲಿ ಪದಕ ಪಡೆದ ಮೊದಲ ಭಾರತೀಯ. ಸಿಫ್ತ್ ಕೌರ್ ಸಮ್ರಾ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 469.6 ಅಂಕಗಳ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು.

ಕರ್ನಾಟಕದಲ್ಲಿ: ಎನ್‌ಸಿಸಿ ಕೆಡೆಟ್‌ಗಳು ಮೊದಲು ಗುಂಡು ಹಾರಿಸುವುದು ಸಾಮಾನ್ಯವಾಗಿ .22 ರೈಫಲಿನಿಂದಲೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ, ಅವುಗಳಲ್ಲಿ .22 ವಿಭಾಗವೂ ಇರುವುದುಂಟು.

ಸುರಕ್ಷತೆ: ಚಿಕ್ಕದೆಂದು ಇದು ಆಟಿಕೆಯಲ್ಲ. ಇದರ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಪ್ರಾಣ ತೆಗೆಯಬಲ್ಲದು. ಭಾರತದಲ್ಲಿ ಇದನ್ನು ಹೊಂದುವುದು 1959ರ ಶಸ್ತ್ರಾಸ್ತ್ರ ಕಾಯಿದೆಗೆ ಒಳಪಟ್ಟಿದೆ. ಕಲಿಯಬಯಸುವವರು ಮಾನ್ಯತೆ ಪಡೆದ ರೇಂಜಿನಲ್ಲಿ, ತರಬೇತುದಾರರ ಕಣ್ಣೆದುರಿನಲ್ಲೇ ಕಲಿಯಬೇಕು.