ಅಡಿಗಲ್ಲಿಗಿಂತ ಮೊದಲು: ಬೆಳಗಾವಿ ಧರ್ಮಪ್ರಾಂತ್ಯದ ಹುಟ್ಟು ಮತ್ತು ಉದ್ಯಮಬಾಗದ ಭಕ್ತಸಮುದಾಯ

ಚರ್ಚಿನ ಚರಿತ್ರೆಯನ್ನು ಅಡಿಗಲ್ಲಿನಿಂದ ಶುರುಮಾಡುವುದು ರೂಢಿ. ಬೆಳಗಾವಿಯ ಮಟ್ಟಿಗೆ ಅದು ಸಾಲದು. ಇಲ್ಲಿನ ಕಥೋಲಿಕರು ಯಾವ ಧರ್ಮಾಧ್ಯಕ್ಷರಿಗೆ ಸೇರಿದವರು ಎಂಬುದೇ ಬಹುಕಾಲ ಗೋಜಲಾಗಿತ್ತು. ಖಾನಾಪುರ ರಸ್ತೆಯ ಉದ್ಯಮಬಾಗದಂಥ ಹೊಸ ಬಡಾವಣೆಗಳ ಭಕ್ತಸಮುದಾಯವನ್ನು ಅರಿಯಲೂ ಅಲ್ಲಿಂದಲೇ ಹೊರಡಬೇಕೆಂಬುದು ನನ್ನ ವಾದ.

1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮನ್ರೋನ ಪಡೆ ಬೆಳಗಾವಿ ಕೋಟೆಯನ್ನು ಗೆದ್ದಿತು. ಎರಡೇ ವರ್ಷದಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದು ಪ್ರೊಟೆಸ್ಟಂಟ್ ಕೆಲಸ ಆರಂಭಿಸಿದರು. ಕಥೋಲಿಕರು ಬಂದ ದಾರಿಗಳು ಬೇರೆ. ಒಂದು ದಂಡಿನದು: ಬ್ರಿಟಿಷ್ ಸೇನೆಯ ಐರಿಷ್ ಸಿಪಾಯಿಗಳು, ಅವರ ಹಿಂದೆ ಪಾದ್ರಿಗಳು, 1856ರ ಹೊತ್ತಿಗೆ ಕ್ಯಾಂಪಿನಲ್ಲಿ ಸೇಂಟ್ ಪಾಲ್ಸ್ ಶಾಲೆ. ಇನ್ನೊಂದು ಗೋವೆಯ ಘಟ್ಟದ್ದು. ಕ್ಯಾಸಲ್‌ರಾಕ್, ಲೋಂಡಾಗಳ ಮೂಲಕ ರೈಲು ಹಾದುಬಂದ ಮೇಲೆ ಅದು ಇನ್ನೂ ಅಗಲವಾಯಿತು.

ಈ ಎರಡು ದಾರಿಗಳ ಹಿಂದೆ ಎರಡು ಅಧಿಕಾರಗಳಿದ್ದವು. ಧರ್ಮಾಧ್ಯಕ್ಷರನ್ನು ಸೂಚಿಸುವ ಪೋರ್ಚುಗೀಸ್ ದೊರೆಯ ಪದ್ರುವಾದೊ ಹಕ್ಕು ಗೋವೆಯ ಮಹಾಧರ್ಮಾಧ್ಯಕ್ಷರ ಬೆನ್ನಿಗಿತ್ತು. ರೋಮಿನ ಧರ್ಮಪ್ರಚಾರ ಸಂಸ್ಥೆಯಾದ ಪ್ರೊಪಗಾಂಡ ತನ್ನದೇ ಪಾದ್ರಿಗಳನ್ನು ಕಳಿಸುತ್ತಿತ್ತು. ಪೋರ್ಚುಗಲ್ ಮತ್ತು ರೋಮ್ ನಡುವಿನ 1886ರ ಒಪ್ಪಂದ ಈ ಎರಡು ಅಧಿಕಾರಗಳ ಜಗಳವನ್ನು ತಣಿಸಿತು, ಪುಣೆ ಧರ್ಮಪ್ರಾಂತ್ಯ ಹುಟ್ಟಿತು. ಆದರೆ ಉತ್ತರ ಕನ್ನಡ ಗೋವೆಯ ಕೈಯಲ್ಲೇ ಉಳಿಯಿತು. 1947ರ ನಂತರ ಇದು ವಿಚಿತ್ರ ಸ್ಥಿತಿಗೆ ಬಂತು: ಸ್ವತಂತ್ರ ಭಾರತದ ಪ್ರಜೆಗಳ ಧರ್ಮಪೀಠ ಪರಕೀಯ ವಸಾಹತಿನಲ್ಲಿತ್ತು. 1950ರ ಜುಲೈಯಲ್ಲಿ ಪೋರ್ಚುಗಲ್ ಭಾರತದ ಹಲವು ಧರ್ಮಪ್ರಾಂತ್ಯಗಳ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. 1953ರ ಸೆಪ್ಟೆಂಬರ್ 19ರಂದು, ಗೋವೆ ಮತ್ತು ಪುಣೆಗಳ ಭಾಗಗಳನ್ನು ಕೂಡಿಸಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಮೈಕಲ್ ರೊಡ್ರಿಗಸ್ ಮೊದಲ ಧರ್ಮಾಧ್ಯಕ್ಷರು. ಅದೇ ದಿನ ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು. ಬೆಳಗಾವಿ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಭಾಷಾವಾರು ಪುನರ್ವಿಂಗಡಣೆಗೆ ಮೂರು ವರ್ಷ, ಗೋವೆಯ ವಿಮೋಚನೆಗೆ ಎಂಟು ವರ್ಷ ಬಾಕಿ. ರಾಜ್ಯದ ಗಡಿಗಿಂತ ಮೊದಲೇ ಧರ್ಮಪ್ರಾಂತ್ಯದ ಗಡಿ ಬದಲಾದ ಈ ಕಾಲಕ್ರಮದ ಮಹತ್ವವನ್ನು ಕರ್ನಾಟಕದ ಗಡಿ ಚರಿತ್ರೆ ಇನ್ನಾದರೂ ಗುರುತಿಸಬೇಕು.

ಸ್ವಂತ ಪೀಠ ಬಂದದ್ದರಿಂದ, ಊರು ಬೆಳೆದತ್ತ ಹೊಸ ಧರ್ಮಕೇಂದ್ರ ತೆರೆಯುವ ತೀರ್ಮಾನ ಬೆಳಗಾವಿಯಲ್ಲೇ ಆಗುವಂತಾಯಿತು. 1976ರಲ್ಲಿ ಕಾರವಾರ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಕರಾವಳಿಯ ಹೊಣೆಯೂ ಇಳಿಯಿತು. ಫಾತಿಮಾ ಪ್ರಧಾನಾಲಯವಿರುವುದು ಕ್ಯಾಂಪಿನಲ್ಲಿ, ದಂಡಿನ ನೆರಳಲ್ಲಿ. ಉದ್ಯಮಬಾಗ ಬೇರೆಯದೇ ಲೋಕ: ಫೌಂಡ್ರಿಗಳು, ಯಂತ್ರಭಾಗಗಳ ಕಾರ್ಖಾನೆಗಳು, 1979ರಿಂದ ಗೋಗಟೆ ತಾಂತ್ರಿಕ ಕಾಲೇಜು. ಸಂಬಳಕ್ಕಾಗಿ ನಾನಾ ಕಡೆಯಿಂದ ಬಂದು ನೆಲೆಸಿದವರ ಈ ಬಡಾವಣೆಯಲ್ಲಿ ಕೊಂಕಣಿ, ಮರಾಠಿ, ಕನ್ನಡಗಳಲ್ಲಿ ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂಬುದು ಹಗುರ ಪ್ರಶ್ನೆಯಲ್ಲ.

ಇಂಥ ಸಮುದಾಯದ ಮೂಲ ಹುಡುಕಲು ಜ್ಞಾನಸ್ನಾನದ ದಾಖಲೆಗಳಷ್ಟು ಒಳ್ಳೆಯ ಆಕರ ಇನ್ನೊಂದಿಲ್ಲ. ಧರ್ಮಸಭೆಯ ನಿಯಮದಂತೆ, ಒಬ್ಬರು ಎಲ್ಲಿ ಮದುವೆಯಾದರೂ ಆ ಸುದ್ದಿ ಅವರಿಗೆ ಜ್ಞಾನಸ್ನಾನವಾದ ಇಗರ್ಜಿಗೆ ಹೋಗಿ, ಅಲ್ಲಿನ ಪುಸ್ತಕದಲ್ಲಿ ಟಿಪ್ಪಣಿಯಾಗಿ ಸೇರಬೇಕು. ಹಾಗಾಗಿ ಉದ್ಯಮಬಾಗದ ಕಾರ್ಮಿಕ ಕುಟುಂಬವೊಂದರ ಆರಂಭವನ್ನು ಬೆಳಗಾವಿಯ ಪುಸ್ತಕದ ಜೊತೆಗೆ ಗೋವೆ, ಕಾರವಾರ, ಖಾನಾಪುರಗಳ ಪುಸ್ತಕಗಳ ಅಂಚಿನಲ್ಲೂ ಓದಬೇಕಾಗುತ್ತದೆ. ಗೋವೆಯ ಹಳೆಯ ಪುಸ್ತಕಗಳು ಪೋರ್ಚುಗೀಸಿನಲ್ಲಿವೆ. ಆ ಭಾಷೆ ಬಲ್ಲ ಕನ್ನಡ ಸಂಶೋಧಕರನ್ನು ಬೆಳಗಾವಿ, ಧಾರವಾಡದ ವಿಶ್ವವಿದ್ಯಾಲಯಗಳು ಈಗಲೇ ತಯಾರುಮಾಡಬೇಕು.