ಅತಿಥಿಗಳು ಆತಿಥೇಯರಾದ ಬಗೆ

ಸೇವೆಗೆಂದು ಕೆಲವು ವಾರ ಬಂದುಹೋಗುವವರನ್ನು ಕಂಡಾಗ ನನಗೆ ನಮ್ಮ ಜಿಲ್ಲೆಯದೇ ಒಂದು ಚರಿತ್ರೆ ನೆನಪಾಗುತ್ತದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿದರು. 1987ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಬ್ರಹ್ಮಗಿರಿಗೆ ಹೋದಾಗ ಅವರೂ ಅತಿಥಿಗಳೇ. ಕಬಿನಿ ಅಣೆಕಟ್ಟು, ಅಭಯಾರಣ್ಯಗಳಿಂದಾಗಿ ನೆಲೆ ತಪ್ಪಿದ್ದ ಜೇನುಕುರುಬರು, ಕಾಡುಕುರುಬರು ಹೊರಗಿನವರನ್ನು ಸುಲಭವಾಗಿ ನಂಬುವುದೆಂತು? ಅಲ್ಲಿಯೇ ನೆಲೆನಿಂತ ಮೇಲೆ ಆಸ್ಪತ್ರೆ, ಶಾಲೆಗಳು ಬೆಳೆದವು. ಈಗ ಅದೇ ಸಂಸ್ಥೆ ದೂರದ ಸ್ವಯಂಸೇವಕರಿಗೆ ಆತಿಥೇಯ. ಬಂದವರಿಗೆ ತಮ್ಮ ದುಡಿಮೆಯ ಫಲ ಹೊರಡುವ ಮುನ್ನ ಕಾಣಬೇಕೆಂಬ ಆಸೆ. ಹಾಡಿಗೆ ಬೇಕಾದದ್ದು ಅವರು ಹೋದ ಮೇಲೂ ನಡೆಯುವ ಕೆಲಸ. “ನಿಮಗೇನು ಬೇಕು?” ಎಂದು ಮೊದಲೇ ಕೇಳುವುದು ಅತಿಥಿಯ ಧರ್ಮ, ಬಾಯುಪಚಾರಕ್ಕೆ ಎಲ್ಲಕ್ಕೂ ಹೂಂಗುಟ್ಟದೆ ನಿಜ ನುಡಿಯುವುದು ಆತಿಥೇಯನ ಧರ್ಮ.